ನೆಕ್ ಅಂಡ್ ನೆಕ್ ನನಗೆ ಅರ್ಥವಾದದ್ದು ಕಂಬಳದಲ್ಲಿ

35 ತುಂಬಿದ ಮೇಲೆ ನಾನು ಇಂಗ್ಲಿಷ್ ಕಲಿಯಲು ಕೂತೆ. ಎಬಿಸಿಡಿಯಿಂದ ಅಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಮುಗಿಸಿ, ಡಿಗ್ರಿಯೂ ಮಾಡಿದವಳು ನಾನು. ಇಂಗ್ಲಿಷ್ ಪೇಪರ್ ಓದಿದರೆ ಸುಮಾರಾಗಿ ತಿಳಿಯುತ್ತದೆ. ಬ್ಯಾಂಕಿನ ಫಾರ್ಮ್ ತುಂಬಲು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ನುಡಿಗಟ್ಟು ಬಂದರೆ ಮಾತ್ರ ಅಲ್ಲೇ ನಿಂತುಬಿಡುತ್ತಿದ್ದೆ. ಒಂದೊಂದು ಪದವೂ ಗೊತ್ತು, ಎಲ್ಲ ಸೇರಿ ಏನು ಹೇಳುತ್ತಿವೆ ಅಂತ ಗೊತ್ತಿಲ್ಲ.

ಕೂತದ್ದು ಸರ್ಕಾರಿ ಕೆಲಸಕ್ಕೆ ಜನರನ್ನು ಆರಿಸುವ ಪಿಎಸ್‌ಸಿ ಪರೀಕ್ಷೆಗಾಗಿ. ಕೇರಳದಲ್ಲಿ ಎಲ್‌ಡಿ ಕ್ಲರ್ಕ್, ಅಂದರೆ ಕೆಳದರ್ಜೆ ಗುಮಾಸ್ತರ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 36 ವರ್ಷದ ಮಿತಿ ಇದೆ, ಅಂದರೆ ನನಗೆ ಅದೇ ಕೊನೆಯ ಸಲ. 100 ಪ್ರಶ್ನೆಗಳಲ್ಲಿ 10 ಇಂಗ್ಲಿಷಿನವು, 10 ಪ್ರಾದೇಶಿಕ ಭಾಷೆಯವು. ನಮ್ಮಂಥವರು ಅಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಕನ್ನಡದ ಹತ್ತರ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಇಂಗ್ಲಿಷಿನ ಹತ್ತು ಮಾತ್ರ ನಿದ್ದೆ ಕೆಡಿಸಿತು. ಅರ್ಧ ಅಂಕದಲ್ಲಿ ನೂರಾರು ಜನ ಹಿಂದೆಮುಂದೆ ಆಗುವ ಪರೀಕ್ಷೆ ಅದು. ಹತ್ತು ಅಂಕ ಸಣ್ಣದಲ್ಲ.

ಭಾನುವಾರ ಮಾತ್ರ ಕಾಸರಗೋಡು ಪೇಟೆಗೆ ಕೋಚಿಂಗಿಗೆ ಹೋಗುತ್ತಿದ್ದೆ. ರ‍್ಯಾಂಕ್ ಫೈಲ್ ಅಂತ ಕರೆಯುವ ದಪ್ಪ ಪುಸ್ತಕ ಅಲ್ಲಿ ಎಲ್ಲರ ಕೈಯಲ್ಲೂ ಇತ್ತು. ನಾನೂ ಒಂದು ತಂದೆ. ಅದರಲ್ಲಿ ನುಡಿಗಟ್ಟುಗಳ ಪಟ್ಟಿ, ಎಡಗಡೆ ಇಂಗ್ಲಿಷ್, ಬಲಗಡೆ ಮಲಯಾಳದಲ್ಲಿ ಅರ್ಥ. ದಿನಕ್ಕೆ 20 ಅಂತ ಲೆಕ್ಕ ಹಾಕಿದೆ. ಬೆಳಿಗ್ಗೆ ದೋಸೆ ಹೊಯ್ಯುವಾಗ ಐದು, ದನಕ್ಕೆ ಹುಲ್ಲು ತರುವಾಗ ಐದು, ಮಧ್ಯಾಹ್ನ ಅಡಿಕೆ ಸುಲಿಯಲು ಕೂತಾಗ ಹತ್ತು. ಪುಸ್ತಕವನ್ನು ಅಡಿಕೆ ಗೋಣಿಗೆ ಒರಗಿಸಿಟ್ಟು, ಒಂದು ಅಡಿಕೆಗೆ ಒಂದು ಸಾಲು ಅಂತ ಹೇಳಿಕೊಳ್ಳುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಎಲ್ಲ ಬಾಯಿಪಾಠ ಆಗಿದೆ ಅಂತಲೇ ನಂಬಿದ್ದೆ.

ತಿಂಗಳ ಕೊನೆಯ ಮಾದರಿ ಪರೀಕ್ಷೆಯಲ್ಲಿ ಇಂಗ್ಲಿಷಿನ ಹತ್ತರಲ್ಲಿ ನಾಲ್ಕು ಸರಿ, ಆರು ತಪ್ಪು. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರೆ. ನಾಲ್ಕರಲ್ಲಿ ಎರಡು ಹೋಗಿ ಉಳಿದದ್ದು ಎರಡು. ಅಲ್ಲಿ ಕಲಿಸುತ್ತಿದ್ದವರೊಬ್ಬರು ಪೇಪರ್ ನೋಡಿ, ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ಅಂದ್ರೆ ಇಷ್ಟೇ ಅಂದರು. ಹತ್ತಿಪ್ಪತ್ತು ಜನರ ಎದುರು. ಬಸ್ಸಿನಲ್ಲಿ ಬರುವಾಗ ಚೆರ್ಕಳ ದಾಟುವ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ಆ ಮಾತು ತಪ್ಪು ಅಂತ ಅವತ್ತೇ ಅನಿಸಿತ್ತು. ಯಾಕೆ ತಪ್ಪು ಅಂತ ಹೇಳಲು ಮಾತ್ರ ಬರಲಿಲ್ಲ.

ಮನೆಗೆ ಬಂದು ಆರು ತಪ್ಪುಗಳನ್ನು ಮುಂದಿಟ್ಟುಕೊಂಡು ಕೂತೆ. ಹ್ಯಾಂಡ್ಸ್ ಡೌನ್ ಅನ್ನುವುದಕ್ಕೆ ನಾನು ಆರಿಸಿದ್ದ ಉತ್ತರ, ಪ್ರಯತ್ನ ಬಿಟ್ಟುಬಿಡುವುದು. ಸರಿಯುತ್ತರ, ಬಹಳ ಸುಲಭವಾಗಿ ಗೆಲ್ಲುವುದು. ನಾನು ಹಾಗೆ ಬರೆದದ್ದು ಸುಮ್ನೆ ಅಲ್ಲ. ಕನ್ನಡದಲ್ಲಿ ಕೈ ಚೆಲ್ಲಿ ಕೂತರು ಅಂದರೆ ಆಸೆ ಬಿಟ್ಟರು ಅಂತಲೇ ಅರ್ಥ. ಕೈ ಕೆಳಗೆ ಬಿತ್ತು ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಅದೇ. ಫ್ಲೈಯಿಂಗ್ ಕಲರ್ಸ್‌ನೊಂದಿಗೆ ಪಾಸಾದಳು ಅನ್ನುವುದಕ್ಕೆ, ಮೋಸ ಮಾಡಿ ಪಾಸಾದಳು ಅನ್ನುವ ಉತ್ತರಕ್ಕೆ ಗುರುತು ಹಾಕಿದ್ದೆ. ನಮ್ಮಲ್ಲಿ ಬಣ್ಣದ ಮಾತು ಅಂದರೆ ಸುಳ್ಳು ಬೆರೆತ ಮಾತು, ಒಬ್ಬನ ಬಣ್ಣ ಬಯಲಾಯಿತು ಅಂದರೆ ಮೋಸ ಹೊರಬಿತ್ತು ಅಂತ. ಡಾರ್ಕ್ ಹಾರ್ಸ್‌ಗೆ ಕೆಟ್ಟ ಮನುಷ್ಯ ಅಂತ ಬರೆದಿದ್ದೆ, ಕಪ್ಪು ಅಂದದ್ದಕ್ಕೆ. ಆರೂ ಹಾಗೇ. ಪಟ್ಟಿಯಲ್ಲಿ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಹೊತ್ತಿಗೆ ಹಾರಿಹೋಗಿ, ಆ ಜಾಗಕ್ಕೆ ನನ್ನ ಕನ್ನಡ ಬಂದು ಕೂತಿತ್ತು. ನನ್ನ ಕನ್ನಡ ತಪ್ಪು ಮಾಡಿರಲಿಲ್ಲ. ಅದಕ್ಕೆ ಆ ಇಂಗ್ಲಿಷ್ ಮಾತು ಎಲ್ಲಿಂದ ಬಂತು ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಅದಾಗಿ ಕೆಲವು ವಾರಕ್ಕೆ ಸೋದರಮಾವ ಪೈವಳಿಕೆಗೆ ಕಂಬಳಕ್ಕೆ ಕರೆದುಕೊಂಡು ಹೋದರು. ಬೋಳಂಗಳದ ಅಣ್ಣ ತಮ್ಮ ಜೋಡುಕರೆ ಕಂಬಳ. ಜೋಡುಕರೆ ಅಂದರೆ ಅಕ್ಕಪಕ್ಕ ಎರಡು ಓಟದ ಗದ್ದೆ, ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಕೋಣಗಳು ಕೆಸರು ನೀರಿನಲ್ಲಿ ಓಡಿ, ಓಟ ಮುಗಿಯುವ ದಿಬ್ಬವಾದ ಮಂಜೊಟ್ಟಿ ಏರಬೇಕು. ನಾವು ಮಂಜೊಟ್ಟಿಯ ಹತ್ತಿರ ನಿಂತಿದ್ದೆವು. ರಾತ್ರಿ ಹೊತ್ತು, ದೊಡ್ಡ ಲೈಟು, ಮೈಕಿನಲ್ಲಿ ತುಳು. ನೇಗಿಲು ವಿಭಾಗದ ಓಟ ನಡೆಯುತ್ತಿತ್ತು. ದೂರದಿಂದ ಬರುವಾಗ ನೀರು ಎರಡು ಗೋಡೆಯ ಹಾಗೆ ಎದ್ದು ಬರುತ್ತದೆ, ಕೋಣ ಕಾಣುವುದಿಲ್ಲ, ಹತ್ತಿರ ಬಂದ ಮೇಲೆ ಮೊದಲು ಕಾಣುವುದು ಮೂಗು, ಆಮೇಲೆ ಚಾಚಿದ ಕೊರಳು. ಆ ಒಂದು ಓಟದಲ್ಲಿ ಎರಡು ಕರೆಯ ಜೋಡಿಗಳೂ ಕೊರಳು ಚಾಚಿ, ಒಂದು ಗೆರೆ ಎಳೆದರೆ ಎಲ್ಲ ಕೊರಳೂ ಆ ಗೆರೆಗೆ ತಾಗುವ ಹಾಗೆ ಬಂದವು. ಒಂದು ಕ್ಷಣ ಈ ಕಡೆಯ ಕೊರಳು ಒಂದು ಗೇಣು ಮುಂದೆ, ಮರುಕ್ಷಣ ಆ ಕಡೆಯದ್ದು.

"ಯಾರು ಗೆದ್ದದ್ದು ಮಾವ?" ಅಂತ ಕೇಳಿದೆ.

"ಗೊತ್ತಾಗ್ಲಿಲ್ಲ ಮಾರಾಯ್ತಿ, ಒಟ್ಟೊಟ್ಟಿಗೆ ಬಂತು. ಸ್ಕ್ರೀನ್ ನೋಡು" ಅಂದರು.

ಈಗ ಕಂಬಳದಲ್ಲಿ ಲೇಸರ್ ಇಟ್ಟು ಸಮಯ ಅಳೆಯುತ್ತಾರೆ, ಸೆಕೆಂಡಿನ ನೂರನೇ ಪಾಲಿನ ತನಕ. ಪರದೆಯಲ್ಲಿ ಅಂಕಿ ಬರುವ ತನಕ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಆ ನಿಂತ ಹೊತ್ತಿನಲ್ಲೇ ನನ್ನ ಬಾಯಲ್ಲಿ ತಾನಾಗಿ ಬಂತು, ನೆಕ್ ಅಂಡ್ ನೆಕ್. ಪಟ್ಟಿಯಲ್ಲಿ ಐವತ್ತು ಸಲ ಓದಿದ ಮಾತು. ಅರ್ಥ ಸಮಸಮ ಅಂತ ಬರೆದುಕೊಂಡಿದ್ದೆ. ಆದರೆ ಸಮಸಮ ಅನ್ನುವುದರಲ್ಲಿ ಓಟ ಇಲ್ಲ. ಎರಡು ಕಲ್ಲು ತಕ್ಕಡಿಯಲ್ಲಿ ಸಮಸಮ ಇರಬಹುದು. ನೆಕ್ ಅಂಡ್ ನೆಕ್ ಅಂದರೆ ಓಡುತ್ತಾ ಇರುವಾಗಿನ ಸಮ, ಮುಂದಿನ ಹೆಜ್ಜೆಗೆ ಮುರಿಯಬಹುದಾದ ಸಮ. ಇಂಗ್ಲಿಷಿನವರು ಓಟದ ಕುದುರೆಯ ಕೊರಳು ನೋಡಿ ಹೇಳಿದರು, ನಾನು ಕೋಣದ ಕೊರಳು ನೋಡಿ ತಿಳಿದುಕೊಂಡೆ.

ಮರುದಿನದಿಂದ ಪಟ್ಟಿ ಓದುವುದು ಬಿಟ್ಟೆ.

ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ದೊಡ್ಡ ಇಂಗ್ಲಿಷ್ ನಿಘಂಟು ಉಂಟು, ಪದಗಳು ಎಲ್ಲಿಂದ ಬಂದವು ಅಂತಲೂ ಬರೆದಿರುವಂಥದ್ದು. ಧೂಳು ಹೊಡೆದು ಅದನ್ನು ತೆಗೆದೆ. 200 ಪುಟದ ಬೌಂಡ್ ಪುಸ್ತಕ ತಂದು, ಅರ್ಥದ ಬದಲು ಜಾಗದ ಪ್ರಕಾರ ಬರೆಯಲು ಶುರು ಮಾಡಿದೆ. ಕುದುರೆ ಓಟಕ್ಕೆ ಕೆಲವು ಪುಟ, ಬಾಕ್ಸಿಂಗಿಗೆ ಕೆಲವು, ಕ್ರಿಕೆಟ್ಟಿಗೆ, ಹಡಗಿಗೆ, ಶಾಲೆಗೆ. ಮೊದಲು ಆ ಜಾಗದಲ್ಲಿ ನಿಜವಾಗಿ ಏನಾಗುತ್ತದೆ ಅಂತ ಎರಡು ಸಾಲು. ಆಮೇಲೆ ಮಾತು. ಕೊನೆಗೆ ನಮ್ಮಲ್ಲಿ ಅದಕ್ಕೆ ಏನು ಹೇಳುತ್ತೇವೆ, ಎಲ್ಲಿ ತನಕ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ.

ಹೀಗೆ ನೋಡಿದಾಗ ಹ್ಯಾಂಡ್ಸ್ ಡೌನ್ ಒಂದು ನಿಮಿಷದಲ್ಲಿ ಬಗೆಹರಿಯಿತು. ಕುದುರೆ ಬಹಳ ಮುಂದೆ ಇದ್ದರೆ ಸವಾರನಿಗೆ ಲಗಾಮು ಬಿಗಿಹಿಡಿಯುವ, ಹುರಿದುಂಬಿಸುವ ಕೆಲಸ ಇಲ್ಲ. ಕೈ ಕೆಳಗೆ ಇಳಿಸಿ ಆರಾಮವಾಗಿ ಗೆರೆ ದಾಟುತ್ತಾನೆ. ನಮ್ಮ ಕೈ ಚೆಲ್ಲುವುದರಲ್ಲಿ ಸೋತವನ ಕೈ ಇದೆ, ಅವರದ್ದರಲ್ಲಿ ಗೆದ್ದವನ ಕೈ. ಫ್ಲೈಯಿಂಗ್ ಕಲರ್ಸ್‌ನಲ್ಲಿ ಬಣ್ಣವೇ ಇಲ್ಲ. ಕಲರ್ಸ್ ಅಂದರೆ ಹಡಗಿನ ಬಾವುಟ. ಕಾದಾಟದಲ್ಲಿ ಸೋತ ಹಡಗು ಬಾವುಟ ಇಳಿಸಬೇಕು, ಗೆದ್ದದ್ದು ಹಾರಿಸಿಕೊಂಡೇ ಬರುತ್ತದೆ. ಅಂದರೆ ಅವಳು ಭರ್ಜರಿಯಾಗಿ ಪಾಸಾದಳು ಅಂತ. ಡಾರ್ಕ್ ಹಾರ್ಸ್‌ನ ಕಪ್ಪು ಕುದುರೆಯ ಮೈಬಣ್ಣ ಅಲ್ಲ, ಅದರ ಬಗ್ಗೆ ನಮಗಿರುವ ಕತ್ತಲೆ. ಯಾರಿಗೂ ಗೊತ್ತಿರದ ಕುದುರೆ ಬಂದು ಗೆದ್ದುಬಿಡುವುದು. ಮೊದಲು ಇದರ ಎದುರಿಗೆ ಎಲೆಮರೆಯ ಕಾಯಿ ಅಂತ ಬರೆದೆ. ಎರಡು ದಿನ ಬಿಟ್ಟು ಹೊಡೆದು ಹಾಕಿದೆ. ಎಲೆಮರೆಯ ಕಾಯಿ ಎಲೆಯ ಮರೆಯಲ್ಲೇ ಉಳಿಯುತ್ತದೆ, ಯಾರಾದರೂ ಹೋಗಿ ಗುರುತಿಸಬೇಕು. ಡಾರ್ಕ್ ಹಾರ್ಸ್ ಯಾರೂ ಗುರುತಿಸುವ ಮೊದಲೇ ಓಡಿ ಮುಂದೆ ಬಂದಿರುತ್ತದೆ. ಇಂಥ ವ್ಯತ್ಯಾಸ ಸಿಕ್ಕಿದ ದಿನ ನನಗೆ ಆಗುತ್ತಿದ್ದ ಖುಷಿ ಹೇಳಲಾರೆ. ಇಂಗ್ಲಿಷ್ ಕಲಿಯುತ್ತಾ ಕನ್ನಡವನ್ನೂ ಹೊಸದಾಗಿ ಕಾಣುತ್ತಿದ್ದೆ.

ಬಾಕ್ಸಿಂಗ್ ನಾನು ನೋಡಿದವಳೇ ಅಲ್ಲ. ಅದಕ್ಕಾಗಿ ಫೋನಿನಲ್ಲಿ ಮೇರಿ ಕೋಮ್ ಆಡಿದ ಹಳೇ ಪಂದ್ಯಗಳನ್ನು ಹುಡುಕಿ ನೋಡಿದೆ. ಸೊಂಟದ ಪಟ್ಟಿಗಿಂತ ಕೆಳಗೆ ಹೊಡೆಯಬಾರದು ಅನ್ನುವ ನಿಯಮ ಕಣ್ಣಾರೆ ಕಂಡ ಮೇಲೆ, ಅನ್ಯಾಯದ ಏಟಿಗೆ ಹೇಳುವ ಬಿಲೋ ದ ಬೆಲ್ಟ್ ಮರೆಯುವುದು ಹೇಗೆ? ಟವೆಲ್ ಎಸೆಯುವ ಮಾತು ಮಾತ್ರ ನನ್ನನ್ನು ಜಾಸ್ತಿ ಹಿಡಿದಿಟ್ಟಿತು. ಥ್ರೋ ಇನ್ ದ ಟವೆಲ್ ಅಂದರೆ ಸೋಲೊಪ್ಪುವುದು ಅಂತ ಪಟ್ಟಿಯಲ್ಲಿತ್ತು. ಸರಿಯೇ. ಆದರೆ ಟವೆಲ್ ಎಸೆಯುವವನು ಹೊಡೆತ ತಿನ್ನುತ್ತಿರುವವನಲ್ಲ, ಮೂಲೆಯಲ್ಲಿ ನಿಂತ ಅವನ ಜೊತೆಗಾರ. ಇನ್ನು ಹೊಡೆತ ತಿಂದರೆ ಇವನಿಗೆ ಅಪಾಯ ಅಂತ ಕಂಡಾಗ ಎಸೆಯುತ್ತಾನೆ. ಇದನ್ನು ಓದಿದ ದಿನ ನನಗೆ ನನ್ನ ಅಮ್ಮನ ನೆನಪಾಯಿತು. ಪ್ಲಸ್ ಟುನಲ್ಲಿ ಸೈನ್ಸ್ ತೆಗೆದುಕೊಂಡು, ಒಮ್ಮೆಲೇ ಎಲ್ಲ ಪಾಠ ಇಂಗ್ಲಿಷಿನಲ್ಲಿ ಆಗಿ, ನಾನು ರಾತ್ರಿಯಿಡೀ ಅಳುತ್ತಿದ್ದಾಗ ಅವಳು ಬೀಡಿ ಗೆರಸೆ ಬದಿಗಿಟ್ಟು, ಸಾಕು, ಬೇರೆ ತೆಗೆದುಕೋ ಅಂದಿದ್ದಳು. ಆಗ ಅವಳ ಮೇಲೆ ಸಿಟ್ಟು ಬಂದಿತ್ತು ನನಗೆ.

ಕ್ರಿಕೆಟ್ಟಿನದ್ದು ಬೇಗ ಮುಗಿಯಿತು, ಅದು ಇಲ್ಲಿ ಎಲ್ಲರಿಗೂ ಗೊತ್ತಿರುವ ಆಟ. ಹ್ಯಾಟ್ರಿಕ್‌ನಲ್ಲಿ ಟೋಪಿ ಯಾಕೆ ಬಂತು ಅನ್ನುವುದೊಂದೇ ಹೊಸದು. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಟೀಫನ್‌ಸನ್ ಅನ್ನುವ ಬೌಲರ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ತೆಗೆದಾಗ ಜನ ಹಣ ಒಟ್ಟು ಮಾಡಿ ಅವನಿಗೆ ಟೋಪಿ ಕೊಟ್ಟರಂತೆ. ಈಗ ನಮ್ಮ ಪೇಪರಿನಲ್ಲಿ ಮೂರು ವರ್ಷ ಸತತ ಚಾಂಪಿಯನ್ ಆದ ಶಾಲೆಗೂ ಹ್ಯಾಟ್ರಿಕ್.

ಈ ಹೊತ್ತಿಗೆ ನನಗೆ ಒಂದು ವಿಷಯ ಬಲವಾಗಿ ಹೊಳೆಯಿತು. ಇದನ್ನೇ ನಾನು ಆ ಕೋಚಿಂಗಿನವರಿಗೆ ಹೇಳಬೇಕಿತ್ತು. ಕಾಸರಗೋಡಿನ ಮಕ್ಕಳು ನಾವು. ಒಂದೇ ಪದ ಎರಡು ಭಾಷೆಯಲ್ಲಿ ಎರಡು ಅರ್ಥ ಕೊಡುವುದನ್ನು ಹಾಲು ಕುಡಿಯುವ ವಯಸ್ಸಿನಿಂದ ನಿಭಾಯಿಸಿದವರು. ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆ, ಕಲೋತ್ಸವವನ್ನೇ ತೆಗೆದುಕೊಳ್ಳಿ. ಚಪ್ಪರದ ಹೊರಗಿನ ಮಲಯಾಳ ಬ್ಯಾನರಿನಲ್ಲಿ ಮತ್ಸರಂ ಅಂತ ಇರುತ್ತದೆ. ಅಲ್ಲಿ ಅದು ಸ್ಪರ್ಧೆ. ನಮ್ಮ ಮನೆಯಲ್ಲಿ ಮತ್ಸರ ಅಂದರೆ ಹೊಟ್ಟೆಕಿಚ್ಚು. ಅವರ ಪ್ರಸಂಗಂ ಭಾಷಣ, ನಮ್ಮ ಪ್ರಸಂಗ ಯಕ್ಷಗಾನದ ಕಥೆ. ಅವರ ಉಪನ್ಯಾಸಂ ಬರೆಯುವ ಪ್ರಬಂಧ, ನಮ್ಮ ಉಪನ್ಯಾಸ ಹೇಳುವಂಥದ್ದು. ಅವರಿಗೆ ಸಮ್ಮಾನಂ ಅಂದರೆ ಬಹುಮಾನ, ನಮಗೆ ಸನ್ಮಾನ ಅಂದರೆ ಶಾಲು ಹಣ್ಣುಕಾಯಿ. ಅವಸರಂ ಅವರಲ್ಲಿ ಅವಕಾಶ, ನಮ್ಮಲ್ಲಿ ಗಡಿಬಿಡಿ. ಇದನ್ನೆಲ್ಲ ನಮಗೆ ಯಾರು ಪಟ್ಟಿ ಮಾಡಿ ಕೊಟ್ಟರು? ಯಾರೂ ಇಲ್ಲ. ನಾಲ್ಕನೇ ಕ್ಲಾಸಿನಲ್ಲಿ ಪ್ರಸಂಗಕ್ಕೆ ಹೆಸರು ಕೊಟ್ಟಿದ್ದೇನೆ ಅಂತ ನಾನು ಮನೆಯಲ್ಲಿ ಹೇಳಿದಾಗ ಅಜ್ಜ ಯಾವ ವೇಷ ಮಗಾ ಅಂತ ಕೇಳಿದರು. ಅಲ್ಲಿಗೆ ಕಲಿತಾಯಿತು, ಜೀವಮಾನಕ್ಕೆ. ಮಲಯಾಳ, ತುಳು ಎಲ್ಲ ಹೀಗೆ ಜನರ ಮಧ್ಯೆ, ಜಾಗದ ಮೇಲೆ ನಿಂತು ಕಲಿತವರಿಗೆ ಇಂಗ್ಲಿಷ್ ಒಂದನ್ನು ಮಾತ್ರ ಪಟ್ಟಿಯಿಂದ ಕಲಿಸಲು ಹೋದರೆ ಬರುವುದಾದರೂ ಹೇಗೆ? ಅದು ನಮ್ಮ ಮಾಧ್ಯಮದ ತಪ್ಪಲ್ಲ.

ಕಲೋತ್ಸವದ ಮಾತು ಬಂತಲ್ಲ, 2019ರದ್ದನ್ನೂ ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ವರ್ಷ ರಾಜ್ಯ ಶಾಲಾ ಕಲೋತ್ಸವ, 60ನೆಯದ್ದು, ನಮ್ಮ ಕಾಞಂಗಾಡಿನಲ್ಲೇ ಆಗಿತ್ತು. 1991ರ ನಂತರ ನಮ್ಮ ಜಿಲ್ಲೆಗೆ ಬಂದದ್ದು ಆಗಲೇ. ಯಕ್ಷಗಾನ ನೋಡಲು ರೈಲಿನಲ್ಲಿ ಹೋಗಿದ್ದೆ. ಕೊನೆಯ ದಿನದ ತನಕವೂ ಯಾವ ಜಿಲ್ಲೆ ಗೆಲ್ಲುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಕೊನೆಗೆ ಪಾಲಕ್ಕಾಡಿಗೆ 951 ಪಾಯಿಂಟ್, ಕಲ್ಲಿಕೋಟೆಗೂ ಕಣ್ಣೂರಿಗೂ ತಲಾ 949. ಬರೇ ಎರಡು ಪಾಯಿಂಟಿಗೆ 117.5 ಪವನಿನ ಚಿನ್ನದ ಕಪ್ ಪಾಲಕ್ಕಾಡಿಗೆ ಹೋಯಿತು. ಇದನ್ನು ಹೇಳಲು ನೆಕ್ ಅಂಡ್ ನೆಕ್ ಬಿಟ್ಟರೆ ಬೇರೆ ಮಾತು ಬೇಕಾ? ಎರಡನೇ ಸ್ಥಾನ ಎರಡು ಜಿಲ್ಲೆಗೆ ಹಂಚಿಹೋಯಿತು, ಆಗ ಅವರು ರನ್ನರ್ಸ್ ಅಪ್. ಬಹುವಚನದ ಎಸ್ ರನ್ನರ್‌ಗೆ ಸೇರಬೇಕು, ಅಪ್‌ಗೆ ಅಲ್ಲ. ಊರಿನ ಕಬಡ್ಡಿ ಟ್ರೋಫಿಗಳಲ್ಲಿ ಒಂದೇ ತಂಡಕ್ಕೂ ರನ್ನರ್ಸ್ ಅಂತ ಕೆತ್ತಿರುವುದು ಈಗ ಕಣ್ಣಿಗೆ ಬೀಳುತ್ತದೆ. ಈ ಪದ ಬಂದದ್ದು ನಾಯಿಗಳ ಪಂದ್ಯದಿಂದ. ಕೊನೆಯ ಸುತ್ತಿನ ತನಕ ಗೆದ್ದು ಬಂದು ಅದೊಂದರಲ್ಲಿ ಸೋತ ನಾಯಿ ರನ್ನರ್ ಅಪ್.

ಶಾಲೆಯ ಪುಟಗಳಲ್ಲಿ ನಾನು ಅತಿ ಹೆಚ್ಚು ದಿನ ಕಳೆದೆ. ಯಾಕೆಂದರೆ ಅಲ್ಲಿ ಗೊತ್ತಿದೆ ಅಂದುಕೊಂಡದ್ದೇ ಗೊತ್ತಿರಲಿಲ್ಲ. ನನ್ನ ತಮ್ಮ ದುಬೈಯಲ್ಲಿದ್ದಾನೆ. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಗ್ಲೆಂಡಿನ ಮ್ಯಾನೇಜರ್ ಹತ್ತಿರ, ನಾನು 2012ರಲ್ಲಿ ಪಾಸ್ಡ್ ಔಟ್ ಅಂದನಂತೆ. ಅವರು ಗಾಬರಿಯಾಗಿ ಈಗ ಆರೋಗ್ಯ ಹೇಗಿದೆ ಅಂತ ಕೇಳಿದರಂತೆ. ಪಾಸ್ ಔಟ್ ಅಂದರೆ ಅವರಲ್ಲಿ ಪ್ರಜ್ಞೆ ತಪ್ಪಿ ಬೀಳುವುದು. ಕಾಲೇಜು ಮುಗಿಸಿದೆ ಅನ್ನಲು ಗ್ರ್ಯಾಜುಯೇಟೆಡ್ ಅನ್ನಬೇಕು. ಮಗ್ ಅಪ್ ಅಂತ ನಾವು ಉರು ಹೊಡೆಯುವುದಕ್ಕೆ ಹೇಳುತ್ತೇವೆ, ಅದು ಬ್ರಿಟಿಷರಿಂದ ಬಂದದ್ದೇ. ಆದರೆ ಮಗ್ ಅಂತ ಒಂದೇ ಹೇಳಿದರೆ ದಾರಿಯಲ್ಲಿ ಅಡ್ಡಹಾಕಿ ದೋಚುವುದು. ರಬ್ಬರ್ ಬ್ರಿಟಿಷರಿಗೆ ಅಳಿಸುವ ರಬ್ಬರೇ, ಅಮೆರಿಕದವರ ಎದುರು ಇರೇಸರ್ ಅನ್ನುವುದು ಒಳ್ಳೆಯದು, ಅಲ್ಲಿ ಆ ಪದಕ್ಕೆ ಬೇರೆ ಅರ್ಥ. ಪಬ್ಲಿಕ್ ಸ್ಕೂಲ್ ಅಂದರೆ ಅಮೆರಿಕದಲ್ಲಿ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ಈಟನ್ ತರದ, ದೊಡ್ಡ ಫೀಸಿನ ಹಳೇ ಖಾಸಗಿ ಶಾಲೆ.

ಪರೀಕ್ಷೆ ಅನ್ನುವ ಒಂದು ಪದದ ಸುತ್ತಲೇ ಎಷ್ಟಿದೆ ನೋಡಿ. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ ಇಂಗ್ಲಿಷಿನಲ್ಲೂ ರೈಟ್ ಅನ್ನುತ್ತೇವೆ. ಹಿಂದಿಯವರು ಪರೀಕ್ಷೆ ಕೊಡುತ್ತಾರೆ, ಅವರು ಗಿವ್ ಅನ್ನುತ್ತಾರೆ. ಇಂಗ್ಲಿಷಿನವರು ತೆಗೆದುಕೊಳ್ಳುತ್ತಾರೆ, ಟೇಕ್. ಇಲ್ಲವೇ ಕೂರುತ್ತಾರೆ, ಸಿಟ್. ಒಬ್ಬೊಬ್ಬರ ಕಣ್ಣಿಗೆ ಆ ಮೂರು ಗಂಟೆ ಒಂದೊಂದು ತರ.

ಇನ್ನೊಂದು, ಬೈಹಾರ್ಟ್. ಇದನ್ನು ಕ್ರಿಯಾಪದ ಮಾಡಿದ್ದು ನಾವು. ಬೈಹಾರ್ಟ್ ಮಾಡಿದೆ ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅವರಲ್ಲಿ ಲರ್ನ್ ಬೈ ಹಾರ್ಟ್ ಅನ್ನಬೇಕು. ಜೊತೆಗೆ ಅವರಲ್ಲಿ ಲರ್ನ್ ಬೈ ರೋಟ್ ಅಂತ ಬೇರೆ ಉಂಟು, ಅರ್ಥ ತಿಳಿಯದೆ ಗಿಣಿಪಾಠ ಒಪ್ಪಿಸುವುದಕ್ಕೆ. ನಾನು ಆ ಒಂದು ತಿಂಗಳು ಅಡಿಕೆ ಗೋಣಿಯ ಎದುರು ಕೂತು ಮಾಡಿದ್ದು ರೋಟ್. ಮಗಳು ಕಲೋತ್ಸವಕ್ಕೆ ಕನ್ನಡ ಪದ್ಯ ಕಲಿತದ್ದು ಹಾರ್ಟ್. ಆ ಪದ್ಯ ಅವಳಿಗೆ ಈಗಲೂ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ.

ಅವಳು ಏಳನೇ ಕ್ಲಾಸು, ಕನ್ನಡ ಮಾಧ್ಯಮವೇ. ಕಲಿತದ್ದನ್ನು ಬಾಯಿಬಿಟ್ಟು ಹೇಳಲು ನನಗೆ ಒಬ್ಬರು ಬೇಕಿತ್ತು, ಅವಳನ್ನೇ ಹಿಡಿದೆ. ರಾತ್ರಿ ಊಟದ ನಂತರ ಹದಿನೈದು ನಿಮಿಷ. ನಿಯಮ ಒಂದೇ, ಅವತ್ತು ನಿಜವಾಗಿ ನಡೆದದ್ದಕ್ಕೆ ಮಾತ್ರ ಆ ಮಾತು ಬಳಸಬೇಕು. ಕಟ್ಟಿ ಹೇಳಬಾರದು. ಮೊದಲ ವಾರ ಇಬ್ಬರೂ ತಡವರಿಸಿದೆವು. ಆಮೇಲೆ ದಿನವೇ ಮಾತು ತಂದುಕೊಡಲು ಶುರುವಾಯಿತು.

ಅಕ್ಟೋಬರಿನ ಒಂದು ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿ ಕಂಡಿತು. ಅತ್ತೆ, ಇನ್ನೆರಡು ದಿನ ಕಾಯುವ, ಮಳೆ ಹೋಗಿಲ್ಲ ಅಂದರು. ನಾನು ಕೇಳಲಿಲ್ಲ. ಅಂಗಳ ಗುಡಿಸಿ, ಒಳಗಿದ್ದ ಅಷ್ಟೂ ಹಣ್ಣಡಿಕೆ ಹರವಿದೆ. ಮೂರು ಗಂಟೆಗೆ ಗುಡ್ಡದ ಕಡೆಯಿಂದ ಗುಡುಗು ಕೇಳಿತು, ಟರ್ಪಾಲು ಎಳೆಯುವಷ್ಟರಲ್ಲಿ ಮಳೆ ಸುರಿದೇಬಿಟ್ಟಿತು. ನಾನು, ಅತ್ತೆ, ಆಗ ತಾನೇ ಶಾಲೆಯಿಂದ ಬಂದ ಮಗಳು, ಮೂವರೂ ನೆನೆಯುತ್ತಾ ಬಾಚಿ ಬುಟ್ಟಿಗೆ ತುಂಬಿದೆವು. ಅಂಗಳದ ನೀರಿನಲ್ಲಿ ಅಡಿಕೆ ತೇಲಿ ತೆಂಗಿನ ಬುಡಕ್ಕೆ ಹೋಗಿ ನಿಂತಿತ್ತು. ಆ ರಾತ್ರಿ ಮಗಳು ಕಾಯಲೇ ಇಲ್ಲ. "ಅಮ್ಮಾ, ಇವತ್ತು ನೀನು ಜಂಪ್ಡ್ ದ ಗನ್" ಅಂದಳು. ಓಟದಲ್ಲಿ ಪಿಸ್ತೂಲು ಸದ್ದಾಗುವ ಮೊದಲೇ ಓಡಿಬಿಡುವುದು. ಎಷ್ಟು ಸರಿಯಾಗಿ ಹೇಳಿದಳು! ಅತ್ತೆಗೆ ಅರ್ಥ ಬಿಡಿಸಿ ಹೇಳಿದಾಗ, ಹಾಗಾದ್ರೆ ಅವರಲ್ಲೂ ಹಾಗೆ ಮಾಡುವವರಿದ್ದಾರೆ ಅಂದರು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಪದ ಮಾತ್ರ ನುಡಿಗಟ್ಟಲ್ಲ, ಒಂದೇ ಪದ. ರೈವಲ್. ಎದುರಾಳಿ, ಪ್ರತಿಸ್ಪರ್ಧಿ ಅಂತ ಅರ್ಥ. ನಿಘಂಟಿನಲ್ಲಿ ಅದರ ಮೂಲ ನೋಡಿದಾಗ ಒಮ್ಮೆ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಒಂದೇ ತೋಡಿನ, ಅಂದರೆ ಹಳ್ಳದ, ನೀರು ಹಂಚಿಕೊಳ್ಳುವವರು ಅಂತ ಅರ್ಥ. ಇದನ್ನು ನಮಗೆ ವಿವರಿಸಬೇಕಾ? ನಮ್ಮ ತೋಟದ ಕೆಳಗಿನ ತೋಡಿಗೆ ಪ್ರತಿ ವರ್ಷ ಮಳೆ ನಿಂತ ಮೇಲೆ ನೀರು ನಿಲ್ಲಿಸಲು ಕಟ್ಟ, ಅಂದರೆ ಒಡ್ಡು, ಕಟ್ಟುತ್ತಾರೆ. ಮೇಲಿನ ತೋಟದವರು, ನಾವು, ಕೆಳಗಿನವರು ಎಲ್ಲ ಸೇರಿ ಕಲ್ಲು ಮಣ್ಣು ಹೊತ್ತು ಕಟ್ಟಬೇಕು, ಒಬ್ಬರಿಂದ ಆಗುವ ಕೆಲಸ ಅಲ್ಲ. ಮಾರ್ಚ್ ಏಪ್ರಿಲ್ ಬಂತೆಂದರೆ ಅದೇ ಜನ ನೀರಿನ ಸರದಿಗೆ ಮಾತು ಬಿಡುತ್ತಾರೆ. ನನ್ನ ಮಾವನವರಿಗೂ ಮೇಲಿನ ತೋಟದವರಿಗೂ ಎರಡು ಬೇಸಿಗೆ ಮಾತಿರಲಿಲ್ಲ. ಮತ್ತೆ ಮಳೆ ನಿಂತಾಗ ಇಬ್ಬರೂ ಅದೇ ಕಟ್ಟಕ್ಕೆ ಕಲ್ಲು ಹೊತ್ತರು. ರೈವಲ್ ಅಂದರೆ ಶತ್ರು ಅಲ್ಲ. ನೀರು ಒಂದೇ ಆದದ್ದರಿಂದ ಎದುರು ನಿಂತವನು. ಕಾಂಪೀಟ್ ಅನ್ನುವ ಪದವನ್ನೂ ಬಿಡಿಸಿದರೆ ಲ್ಯಾಟಿನ್ನಿನಲ್ಲಿ ಒಟ್ಟಿಗೆ ಹುಡುಕುವುದು ಅಂತ ಬರುತ್ತದೆ. ಭಾನುವಾರದ ಕ್ಲಾಸಿನಲ್ಲಿ ನನ್ನ ಬದಿಯಲ್ಲಿ ಕೂರುತ್ತಿದ್ದ ಕುಂಬಳೆಯ ಹುಡುಗಿಗೆ ಇದನ್ನು ಹೇಳಿದೆ. ನಾವಿಬ್ಬರೂ ಒಂದೇ ಲಿಸ್ಟಿಗೆ ಕಾಯುವವರು. ಅವತ್ತಿನಿಂದ ನನ್ನ ಬೌಂಡ್ ಪುಸ್ತಕದ ಫೋಟೋ ತೆಗೆದು ಅವಳಿಗೂ ಕಳಿಸುತ್ತಿದ್ದೆ. ಅವಳು ಗಣಿತದ ಸುಲಭ ದಾರಿಗಳನ್ನು ನನಗೆ ಕಳಿಸುತ್ತಿದ್ದಳು.

ಪರೀಕ್ಷೆಯ ದಿನ ಇಂಗ್ಲಿಷಿನ ಪ್ರಶ್ನೆ ಬಂದಾಗ ಕೈ ನಡುಗಲಿಲ್ಲ. ನುಡಿಗಟ್ಟಿನ ಒಂದು ಪ್ರಶ್ನೆ ಮಾತ್ರ ನನ್ನ ಪುಸ್ತಕದಲ್ಲಿ ಇರಲಿಲ್ಲ. ಪುಲ್ ಅಪ್ ಯುವರ್ ಸಾಕ್ಸ್. ಸಾಕ್ಸ್ ಮೇಲೆ ಎಳೆ. ಯಾವ ಜಾಗದ ಮಾತು ಅಂತ ಯೋಚಿಸಿದೆ, ಆಟದ ಮೈದಾನವೋ ಶಾಲೆಯೋ, ಗೊತ್ತಾಗಲಿಲ್ಲ. ಊಹೆಯಿಂದ ಉತ್ತರದ ಹಾಳೆಯ ವೃತ್ತ ತುಂಬಿಸಲು ಮನಸ್ಸಾಗಲಿಲ್ಲ, ಖಾಲಿ ಬಿಟ್ಟೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲೇ ಫೋನಿನಲ್ಲಿ ಹುಡುಕಿದೆ. ಇದು ಸಾಲದು, ಇನ್ನು ಸರಿಯಾಗಿ ಪ್ರಯತ್ನ ಮಾಡು ಅಂತ ಹೇಳುವ ಮಾತು. ನಮ್ಮ ಟೊಂಕ ಕಟ್ಟುವುದಕ್ಕೆ ಹತ್ತಿರ. ಆದರೆ ಟೊಂಕ ಕಟ್ಟು ಅನ್ನುವುದು ಕೆಲಸಕ್ಕೆ ಇಳಿಯುವವನಿಗೆ, ಸಾಕ್ಸ್ ಎಳೆ ಅನ್ನುವುದು ಇಳಿದು ಸಡಿಲ ಬಿಟ್ಟವನಿಗೆ. ಬದಿಯಡ್ಕದ ಬಸ್ಸು ಬರುವ ತನಕ ಚೀಲದ ಮೇಲೆ ಪುಸ್ತಕ ಇಟ್ಟು ಅದನ್ನು ಶಾಲೆಯ ಪುಟಕ್ಕೆ ಸೇರಿಸಿದೆ.

ಪಿಎಸ್‌ಸಿಯವರು ಉತ್ತರ ಪಟ್ಟಿ ಹಾಕಿದ ಮೇಲೆ ಲೆಕ್ಕ ಮಾಡಿದೆ. ಇಂಗ್ಲಿಷಿನಲ್ಲಿ ಎಂಟು ಸರಿ, ಒಂದು ತಪ್ಪು, ಒಂದು ಖಾಲಿ. ರ‍್ಯಾಂಕ್ ಲಿಸ್ಟ್ ಇನ್ನೂ ಬಂದಿಲ್ಲ. ಕುಂಬಳೆಯ ಹುಡುಗಿಯೂ ನಾನೂ ದಿನಕ್ಕೊಮ್ಮೆ ಅದನ್ನೇ ಕೇಳಿಕೊಳ್ಳುತ್ತೇವೆ. ಬೌಂಡ್ ಪುಸ್ತಕ ಮುಗಿದು ಎರಡನೆಯದ್ದು ತಂದಾಯಿತು, ಅದರ ಮೊದಲ ಪುಟವನ್ನು ಮಗಳೇ ಬರೆದಿದ್ದಾಳೆ. ಈ ಸಲದ ಕಂಬಳಕ್ಕೆ ಅವಳೂ ಬರುತ್ತಾಳಂತೆ. ಮಂಜೊಟ್ಟಿಯ ಹತ್ತಿರವೇ ನಿಲ್ಲಬೇಕು, ಕೊರಳು ಕಾಣುವ ಕಡೆ ಅಂತ ಮಾವನಿಗೆ ಈಗಲೇ ಫೋನ್ ಮಾಡಿ ಹೇಳಿದ್ದಾಳೆ.